ಬರ್ಗೆನ್ ಮಳೆಯಲ್ಲಿ ಸಿಕ್ಕ ‘ಒಲ್ಲೆ’

ಬರ್ಗೆನ್‌ನ ನಮ್ಮ ಆಫೀಸಿನಲ್ಲಿ ಊಟ ಹನ್ನೊಂದೂವರೆಗೆ. ಬೆಂಗಳೂರಿನಲ್ಲಿದ್ದಾಗ ಆ ಹೊತ್ತಿಗೆ ನಾನು ಎರಡನೇ ಕಾಫಿಗೆ ಏಳುತ್ತಿದ್ದೆ. ನಾರ್ವೆಗೆ ಬಂದ ಮೊದಲ ವಾರ ಎಲ್ಲರೂ ಒಟ್ಟಿಗೆ ಕುರ್ಚಿ ಹಿಂದೆ ಸರಿಸಿ ಎದ್ದಾಗ ಫೈರ್ ಡ್ರಿಲ್ ಇರಬೇಕು ಅಂದುಕೊಂಡು ನಾನೂ ಜಾಕೆಟ್ ಹಾಕಿಕೊಂಡಿದ್ದೆ. ನೋಡಿದರೆ ಊಟದ ಸಮಯ!

ಮೇಜಿನ ಮೇಲೆ ಎಲ್ಲರ ಮುಂದೆಯೂ ಒಂದೊಂದು ಪುಟ್ಟ ಡಬ್ಬಿ. ಒಳಗೆ ಮೂರೋ ನಾಲ್ಕೋ ಬ್ರೆಡ್ ಸ್ಲೈಸು, ಮೇಲೆ ಒಂದು ಪದರ ಚೀಸ್ ಅಥವಾ ಮೀನು. ಒಂದಕ್ಕೊಂದು ಅಂಟದಿರಲಿ ಅಂತ ಸ್ಲೈಸುಗಳ ನಡುವೆ ಒಂದು ತುಂಡು ಕಾಗದ. ಆ ಕಾಗದ ಅದೇ ಅಳತೆಗೆ ಕತ್ತರಿಸಿ ಅಂಗಡಿಯಲ್ಲಿ ಸಿಗುತ್ತೆ! ಇದಕ್ಕೆ ಇವರು ‘ಮಾಟ್‌ಪಕ್ಕೆ’ ಅಂತಾರೆ. ಮನೆಯಿಂದ ಕಟ್ಟಿಕೊಂಡು ಬಂದ ಊಟ. ನಮ್ಮ ಗದಗಿನ ಕಡೆ ಹೇಳೋದಾದ್ರೆ ಬುತ್ತಿ.

ನನ್ನ ಪಕ್ಕದ ಸೀಟಿನ ಸಹೋದ್ಯೋಗಿಗೆ ನಲವತ್ತರ ಆಸುಪಾಸು. ಬರ್ಗೆನ್‌ನಿಂದ ರೈಲಿನಲ್ಲಿ ಒಂದೂಕಾಲು ಗಂಟೆ ದೂರದ ವೋಸ್ ಅವನ ಊರು. ಈ ಬರಹದಲ್ಲಿ ತನ್ನ ಹೆಸರು ಬೇಡ ಅಂದಿದ್ದಾನೆ, ಹಾಗಾಗಿ ‘ವೋಸ್‌ನ ಗೆಳೆಯ’ ಅಂತಲೇ ಕರೀತೀನಿ. ಅವನು ವರ್ಷವಿಡೀ ತರೋದು ಒಂದೇ ಬುತ್ತಿ, ಬ್ರೆಡ್ ಮೇಲೆ ಕಂದು ಬಣ್ಣದ ಚೀಸ್. “ಬೇಜಾರಾಗಲ್ವಾ?” ಅಂತ ಒಮ್ಮೆ ಕೇಳಿದೆ.

“ಬೇಜಾರಾಗೋಕೆ ಅದೇನು ಸಿನಿಮಾನಾ? ಬುತ್ತಿ. ಅದರ ಬಗ್ಗೆ ಯೋಚನೆ ಮಾಡಬೇಕಾಗಿಲ್ಲ ಅನ್ನೋದೇ ಅದರ ಲಾಭ” ಅಂದ.

ಆ ಕಂದು ಚೀಸಿನ ಹೆಸರು ಬ್ರೂನುಸ್ಟ್. ಹಾಲು ಒಡೆದು ಚೀಸ್ ತೆಗೆದ ಮೇಲೆ ಉಳಿಯುವ ನೀರನ್ನು ಗಂಟೆಗಟ್ಟಲೆ ಕುದಿಸುತ್ತಾರೆ. ಅದರಲ್ಲಿರುವ ಸಕ್ಕರೆ ಅಂಶ ಕಂದುಗಟ್ಟಿ ಗಟ್ಟಿಯಾಗುತ್ತೆ. 1863ರಲ್ಲಿ ಗುಡ್‌ಬ್ರಾಂಡ್ಸ್‌ಡಾಲೆನ್ ಕಣಿವೆಯ ಆನ್ನೆ ಹೋವ್ ಎಂಬ ಹೆಣ್ಣುಮಗಳು ಅದಕ್ಕೆ ಕೆನೆ ಸೇರಿಸಿ ಕುದಿಸಿದಳಂತೆ. ಇವತ್ತಿನ ಬ್ರೂನುಸ್ಟ್ ಆಕೆಯ ಕೈಗುಣ. ರುಚಿ ಹೇಗೆ ಅಂತ ಕೇಳಿದರೆ, ಧಾರವಾಡ ಪೇಡಕ್ಕೆ ಉಪ್ಪು ಬೆರೆಸಿ ತೆಳ್ಳಗೆ ಹೆರೆದ ಹಾಗೆ. ಮೊದಲ ದಿನ ಗಂಟಲಲ್ಲಿ ಇಳಿಯಲಿಲ್ಲ. ಈಗ ಫ್ರಿಜ್ಜಿನಲ್ಲಿ ಇಲ್ಲದಿದ್ದರೆ ಏನೋ ಕಳೆದುಕೊಂಡ ಹಾಗೆ. 2013ರ ಜನವರಿಯಲ್ಲಿ ಉತ್ತರ ನಾರ್ವೆಯ ಸುರಂಗವೊಂದರಲ್ಲಿ 27 ಟನ್ ಬ್ರೂನುಸ್ಟ್ ಹೊತ್ತ ಲಾರಿಗೆ ಬೆಂಕಿ ಬಿದ್ದಿತ್ತು. ಅದರಲ್ಲಿ ಅಷ್ಟು ಕೊಬ್ಬು, ಸಕ್ಕರೆ ಇರೋದರಿಂದ ಬೆಂಕಿ ದಿನಗಟ್ಟಲೆ ಆರಲಿಲ್ಲ. ಈ ಕಥೆ ಹೇಳುವಾಗ ನನ್ನ ಗೆಳೆಯನ ಮುಖದಲ್ಲಿ ನಿಜವಾದ ದುಃಖ ಇರುತ್ತೆ!

ಇನ್ನೊಂದು ತಮಾಷೆ. ರಾತ್ರಿಯ ಊಟಕ್ಕೆ ಇವರು ‘ಮಿಡ್ಡಾಗ್’ ಅಂತಾರೆ. ಪದದ ಅರ್ಥ ಮಧ್ಯಾಹ್ನ. ಉಣ್ಣೋದು ಸಂಜೆ ನಾಲ್ಕೂವರೆ ಐದಕ್ಕೆ. ನಮ್ಮ ಮನೆಯಲ್ಲಿ ಅದು ಚಹಾ ಚುರುಮರಿ ಹೊತ್ತು.

ನಾಲ್ಕು ಗಂಟೆಗೆ ಖಾಲಿ ಆಫೀಸು

ಐದಕ್ಕೆ ಉಣ್ಣೋಕೆ ಹೇಗೆ ಸಾಧ್ಯ ಅಂತೀರಾ? ನಾಲ್ಕಕ್ಕೆ ಆಫೀಸು ಖಾಲಿ. ಇಲ್ಲಿನ ಕಾನೂನಿನ ಪ್ರಕಾರ ವಾರಕ್ಕೆ 40 ಗಂಟೆ ಕೆಲಸ. ಹೆಚ್ಚಿನ ಕಡೆ ಒಪ್ಪಂದದ ಪ್ರಕಾರ ಮೂವತ್ತೇಳೂವರೆ ಗಂಟೆ ಅಷ್ಟೇ. ಮಕ್ಕಳನ್ನು ಬಾರ್ನೆಹಾಗೆಯಿಂದ, ಅಂದ್ರೆ ಶಿಶುವಿಹಾರದಿಂದ, ಸಂಜೆ ನಾಲ್ಕೂವರೆಯೊಳಗೆ ಕರೆತರಬೇಕು. ನಮ್ಮ ಬಾಸ್ ಮೂರೂವರೆಗೆ ಎದ್ದು “ಮಗನನ್ನು ಕರ್ಕೊಂಡು ಬರಬೇಕು” ಅಂತ ಹೊರಟುಬಿಡ್ತಾರೆ. ಮೀಟಿಂಗ್ ಅರ್ಧದಲ್ಲಿದ್ದರೂ ಯಾರೂ ಹುಬ್ಬೇರಿಸಲ್ಲ. ಮಗು ಹುಟ್ಟಿದರೆ ಅಪ್ಪನಿಗೇ ಅಂತ 15 ವಾರಗಳ ರಜೆ ಮೀಸಲಿದೆ. ಅವನು ತಗೊಳ್ಳದಿದ್ದರೆ ಆ ವಾರಗಳು ಹೋದಂತೆಯೇ, ಅಮ್ಮನ ಲೆಕ್ಕಕ್ಕೆ ಸೇರಿಸಿಕೊಳ್ಳೋ ಹಾಗಿಲ್ಲ.

ಬಂದ ಹೊಸತರಲ್ಲಿ ನನಗಿದ್ದದ್ದು ಬೆಂಗಳೂರಿನ ಚಾಳಿ. ಅಲ್ಲಿ ರಾತ್ರಿ ಒಂಬತ್ತೂವರೆಗೆ ಅಮೆರಿಕದ ಕ್ಲೈಂಟ್ ಕಾಲ್ ಮುಗಿಸಿ ಮಲಗಿದವನು ನಾನು. ಇಲ್ಲಿಯೂ ಒಂದು ರಾತ್ರಿ ಒಂಬತ್ತಕ್ಕೆ ಗೆಳೆಯನಿಗೆ ಕೋಡ್ ರಿವ್ಯೂ ಕಳಿಸಿ, ಕೆಳಗೆ ಮೂರು ಪ್ರಶ್ನೆ ಬರೆದೆ. ಬೆಳಗ್ಗೆ ಅವನು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದ, “ಮನೆಯಲ್ಲಿ ಎಲ್ಲಾ ಸರಿ ಇದೆಯಾ?”

ನಾನು ಶ್ರದ್ಧೆ ತೋರಿಸಿದೆ ಅಂದುಕೊಂಡಿದ್ದೆ. ಅವನ ಕಣ್ಣಿಗೆ ಕಂಡದ್ದು ಮನೆಗೆ ಹೋಗೋಕೆ ಇಷ್ಟವಿಲ್ಲದ ಒಬ್ಬ ಮನುಷ್ಯ, ಇಲ್ಲವೇ ದಿನದ ಕೆಲಸವನ್ನು ದಿನದೊಳಗೆ ಮುಗಿಸೋಕೆ ಬಾರದವನು.

ಹಾಗಂತ ಇದು ಸ್ವರ್ಗ ಅಂತ ಹೇಳ್ತಿಲ್ಲ. ಡಿಸೆಂಬರ್‌ನಲ್ಲಿ ಸೂರ್ಯ ಒಂಬತ್ತೂಮುಕ್ಕಾಲಿಗೆ ಬಂದು ಮೂರೂವರೆಗೆ ಹೊರಟುಬಿಡ್ತಾನೆ. ಮಳೆಯಂತೂ ಕೇಳಲೇಬೇಡಿ. ಗದಗಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬಿದ್ದರೆ ಒಳ್ಳೇ ವರ್ಷ. ಬರ್ಗೆನ್‌ನಲ್ಲಿ 2,000 ದಾಟುತ್ತೆ, ಅದೂ ಜಿಟಿಜಿಟಿ, ವರ್ಷದ ಅರ್ಧಕ್ಕಿಂತ ಹೆಚ್ಚು ದಿನ. ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ ಇದ್ದರೂ ಜನ ನಿಂತೇ ಇರ್ತಾರೆ. ನಿಮ್ಮ ಮೇಲಿನ ಸಿಟ್ಟಿನಿಂದಲ್ಲ, ನಿಮಗೆ ತೊಂದರೆಯಾಗದಿರಲಿ ಅಂತ. ಇದು ಅರ್ಥವಾಗೋಕೆ ನನಗೆ ಒಂದು ವರ್ಷ ಬೇಕಾಯ್ತು. ಅಲ್ಲಿಯವರೆಗೆ ದಿನಾ ಸಂಜೆ ನನ್ನ ಅಂಗಿ ಮೂಸಿ ನೋಡಿಕೊಳ್ಳುತ್ತಿದ್ದೆ!

ಊರಿಗೊಂದು ‘ನಾನು’

ಕೆಲಸಕ್ಕೆ ಇಂಗ್ಲಿಷ್ ಸಾಕು. ಆದರೂ ಊಟದ ಮೇಜಿನ ನಗು ಅರ್ಥವಾಗಬೇಕಲ್ಲ. ಸಂಜೆ ಕ್ಲಾಸಿಗೆ ಸೇರಿ ನಾರ್ವೇಜಿಯನ್ ಕಲಿತೆ. ಪರೀಕ್ಷೆಯಲ್ಲೂ ಪಾಸಾದೆ. ಮರುದಿನ ಹುಮ್ಮಸ್ಸಿನಿಂದ ಗೆಳೆಯನ ಜೊತೆ ನಾರ್ವೇಜಿಯನ್‌ನಲ್ಲಿ ಮಾತಿಗಿಳಿದರೆ ಅವನ ಉತ್ತರದಲ್ಲಿ ಒಂದಕ್ಷರವೂ ಹತ್ತಲಿಲ್ಲ.

ಕ್ಲಾಸಿನಲ್ಲಿ ‘ನಾನು’ ಅನ್ನೋಕೆ ‘ಯೈ’ ಅಂತ ಕಲಿಸಿದ್ದರು. ಇವನು ‘ಏಗ್’ ಅಂತಾನೆ. ಟ್ರೋಂಡ್‌ಹೈಮ್‌ನಿಂದ ಬಂದ ಟೆಸ್ಟರ್ ಹುಡುಗಿ ‘ಆ್ಯ’ ಅಂತಾಳೆ. ಇನ್ನೊಬ್ಬ ಬರೀ ‘ಎ’. ‘ಇಲ್ಲ’ ಅನ್ನೋಕೆ ‘ಇಕ್ಕೆ’, ‘ಇಕ್ಷೆ’, ‘ಇಟ್’. ಐದೂವರೆ ಮಿಲಿಯನ್ ಜನರ ಪುಟ್ಟ ದೇಶ, ಒಂದೊಂದು ಕಣಿವೆಗೆ ಒಂದೊಂದು ಮಾತು.

ನಾನು ಸಂಕೋಚದಿಂದ ಕೇಳಿಕೊಂಡೆ, “ನನ್ನ ಜೊತೆ ಮಾತಾಡುವಾಗ ಸ್ವಲ್ಪ ಪುಸ್ತಕದ ಭಾಷೆ ಬಳಸ್ತೀಯಾ?”

ಅವನು ಸ್ವಲ್ಪ ಯೋಚಿಸಿ ಹೇಳಿದ, “ನಿಧಾನವಾಗಿ ಮಾತಾಡ್ತೀನಿ. ಎಷ್ಟು ಸಲ ಬೇಕಾದರೂ ಮತ್ತೆ ಹೇಳ್ತೀನಿ. ಆದರೆ ಬೇರೆ ಥರ ಮಾತಾಡಿದರೆ ನೀನು ಬೇರೆ ಯಾರ ಜೊತೆಗೋ ಮಾತಾಡಿದ ಹಾಗಾಗುತ್ತೆ.”

ಅವತ್ತು ನನಗೆ ಇದು ಹಟಮಾರಿತನ ಅನ್ನಿಸಿತು. ಆಮೇಲೆ ಗಮನಿಸಿದೆ. ಇಲ್ಲಿ ಟಿವಿಯಲ್ಲಿ ಹವಾಮಾನ ಹೇಳುವವರು, ಸಂಸತ್ತಿನಲ್ಲಿ ಮಂತ್ರಿಗಳು, ಯೂನಿವರ್ಸಿಟಿಯಲ್ಲಿ ಪ್ರೊಫೆಸರುಗಳು, ಎಲ್ಲರೂ ತಂತಮ್ಮ ಊರಿನ ಮಾತನ್ನೇ ಆಡ್ತಾರೆ. ಯಾರೂ ನಗಲ್ಲ.

ಇದರ ಹಿಂದೆ ದೊಡ್ಡ ಕಥೆ ಇದೆ. ನಾರ್ವೆ ಸುಮಾರು ನಾನೂರು ವರ್ಷ ಡೆನ್ಮಾರ್ಕಿನ ಜೊತೆ, ಹೆಚ್ಚಾಗಿ ಅದರ ಅಡಿಯಲ್ಲಿ, ಇತ್ತು. 1814ರಲ್ಲಿ ಆ ನಂಟು ಮುಗಿದಾಗ ಬರೆಯೋ ಭಾಷೆ ಡ್ಯಾನಿಶ್ ಆಗಿಹೋಗಿತ್ತು. ಜನ ಆಡೋದು ಒಂದು, ಬರೆಯೋದು ಇನ್ನೊಂದು. ಆಗ ಈವಾರ್ ಓಸೆನ್ ಎಂಬ ರೈತನ ಮಗ, ತಾನಾಗೇ ಓದಿ ಬೆಳೆದವನು, 1842ರಿಂದ ನಾಲ್ಕು ವರ್ಷ ಊರೂರು ಅಲೆದು ಹಳ್ಳಿಗರ ಮಾತನ್ನು ಬರೆದುಕೊಂಡ. 1848ರಲ್ಲಿ ವ್ಯಾಕರಣ, 1850ರಲ್ಲಿ ನಿಘಂಟು ತಂದ. ಅದರಿಂದ ಹುಟ್ಟಿದ್ದು ಇವತ್ತು ‘ನ್ಯೂನೋರ್ಸ್ಕ್’ ಎನ್ನುವ ಬರವಣಿಗೆ. ಡ್ಯಾನಿಶ್‌ನಿಂದ ಬೆಳೆದು ಬಂದ ಇನ್ನೊಂದು ಬರವಣಿಗೆ ‘ಬೂಕ್‌ಮೋಲ್’, ಅಂದ್ರೆ ಪುಸ್ತಕದ ಭಾಷೆ. 1885ರಲ್ಲಿ ಸಂಸತ್ತು ಎರಡಕ್ಕೂ ಸಮಾನ ಸ್ಥಾನ ಕೊಟ್ಟಿತು. ನ್ಯೂನೋರ್ಸ್ಕ್ ಬರೆಯುವವರು ಈಗ ನೂರಕ್ಕೆ ಹತ್ತು ಹದಿನೈದು ಜನ ಇರಬಹುದು. ಆದರೂ 2023ರ ಸಾಹಿತ್ಯ ನೊಬೆಲ್ ಪಡೆದ ಯೂನ್ ಫೊಸ್ಸೆ ಬರೆಯೋದು ಅದರಲ್ಲೇ. ಅವರು ಬೆಳೆದದ್ದೂ ನಮ್ಮ ಬರ್ಗೆನ್‌ನ ಪೂರ್ವಕ್ಕಿರುವ ಒಂದು ಸಣ್ಣ ಊರಿನಲ್ಲಿ.

ನನ್ನ ಗೆಳೆಯ ಕೋಡ್ ಕಾಮೆಂಟು ಇಂಗ್ಲಿಷಿನಲ್ಲಿ, ಆಫೀಸು ಮೇಲ್ ನ್ಯೂನೋರ್ಸ್ಕ್‌ನಲ್ಲಿ ಬರೀತಾನೆ. ಓದುವವರು ಬೂಕ್‌ಮೋಲ್‌ನಲ್ಲಿ ಉತ್ತರಿಸ್ತಾರೆ. ಮಾತುಕತೆ ನಡೀತಾನೇ ಇರುತ್ತೆ.

ಇದನ್ನೆಲ್ಲ ನೋಡುವಾಗ ನನ್ನ ಮೊದಲ ಕೆಲಸ ನೆನಪಾಗುತ್ತಿತ್ತು. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೆ ಬಂದವನು ಟೀಮಿನಲ್ಲಿ “ಮಾಡಾಕತ್ತೀನ್ರಿ” ಅಂದೆ. ಮೀಟಿಂಗ್ ರೂಮಿಗೆ ರೂಮೇ ನಕ್ಕಿತು. “ಮಾತಾಡ್ತಿದೀರೋ ಜಗಳ ಆಡ್ತಿದೀರೋ?” ಅಂದ ಒಬ್ಬ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆಮೇಲೂ ಪ್ರೀತಿಯಿಂದಲೇ “ಏನ್ರೀ ಯಪ್ಪಾ” ಅಂತ ಕರೀತಿದ್ದರು. ಆರೇ ತಿಂಗಳಲ್ಲಿ ನನ್ನ ನಾಲಿಗೆಯಿಂದ ಗದಗು ಉದುರಿಹೋಯ್ತು. ‘ಹ್ಯಾಂಗ’ ಹೋಗಿ ‘ಹೇಗೆ’ ಬಂತು. ‘ಮನ್ಯಾಗ’ ಹೋಗಿ ‘ಮನೇಲಿ’ ಬಂತು. ಅವ್ವನಿಗೆ ಫೋನ್ ಮಾಡುವಾಗ ಬಾಲ್ಕನಿಗೆ ಹೋಗುತ್ತಿದ್ದೆ. ಕ್ರಮೇಣ ಅವ್ವನ ಜೊತೆಗೂ ಬೆಂಗಳೂರು ಕನ್ನಡವೇ ಬಾಯಿಗೆ ಬರತೊಡಗಿತು. ಮೈಸೂರಿನ ಹುಡುಗಿಯನ್ನು ಮದುವೆಯಾದೆ. ಮಗಳು ಹುಟ್ಟಿದಳು. ಅವಳಿಗೆ ವರ್ಷ ತುಂಬುವ ಹೊತ್ತಿಗೆ ಇಲ್ಲಿಗೆ ಬಂದೆವು. ಮನೆಯಲ್ಲಿ ನಡೆಯುತ್ತಿದ್ದದ್ದು ‘ಒಳ್ಳೇ’ ಕನ್ನಡ.

ಅವ್ವ ಬಂದಳು

ಕಳೆದ ವರ್ಷ ಮೇ ಮೊದಲ ವಾರ ಅವ್ವ ಬಂದಳು. ಬ್ಯಾಗಿನಲ್ಲಿ ಹತ್ತು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿ, ಅಗಸಿ ಚಟ್ನಿ, ಒಂದು ಕಟ್ಟು ಖಡಕ್ ರೊಟ್ಟಿ. ಮರುದಿನವೇ ರೊಟ್ಟಿ ಬಡಿಯುವ ಸದ್ದು. ಕೆಳಗಿನ ಮನೆಯವರು ಏನಂದುಕೊಳ್ಳುತ್ತಾರೋ ಅಂತ ನಾನು ಮೆಟ್ಟಿಲ ಮೇಲೆ ಕಿವಿಗೊಟ್ಟು ನಿಂತಿದ್ದೆ.

ಎರಡು ದಿನ ಬಿಟ್ಟು ನಮ್ಮ ಅಪಾರ್ಟ್‌ಮೆಂಟಿನ ‘ಡುಗ್ನಾಡ್’ ಇತ್ತು. ಚಳಿಗಾಲ ಮುಗಿದ ಮೇಲೆ ಎಲ್ಲ ಮನೆಯವರೂ ಸೇರಿ ಅಂಗಳ ಗುಡಿಸೋದು, ಬೇಲಿಗೆ ಬಣ್ಣ ಹಚ್ಚೋದು. ಕೂಲಿ ಇಲ್ಲ, ಕೊನೆಗೆ ಕಾಫಿ ಮತ್ತು ಕೇಕು. “ನಮ್ಮೂರಾಗ ಮುಯ್ಯಾಳು ಅಂತಾರಲ್ಲ, ಅದ ಇದು” ಅಂದವಳೇ ಅವ್ವ ಪೊರಕೆ ಹಿಡಿದಳು. ಭಾಷೆ ಇಲ್ಲದೆ ಮಧ್ಯಾಹ್ನದೊಳಗೆ ಅರ್ಧ ಬಿಲ್ಡಿಂಗಿನವರ ಪರಿಚಯ ಮಾಡಿಕೊಂಡಳು. ನನಗೆ ಮೂರು ವರ್ಷದಲ್ಲಿ ಆಗದ ಕೆಲಸ.

ಮೇ 17 ನಾರ್ವೆಯ ಸಂವಿಧಾನದ ದಿನ, 1814ರ ನೆನಪಿಗೆ. ಬೀದಿ ತುಂಬ ಮಕ್ಕಳ ಮೆರವಣಿಗೆ. ಎಲ್ಲರೂ ‘ಬೂನಾಡ್’ ತೊಡುತ್ತಾರೆ. ಉಣ್ಣೆಯ ಲಂಗ, ಕಸೂತಿ, ಬೆಳ್ಳಿಯ ಬ್ರೋಚು. ಇದೂ ಕಣಿವೆಗೊಂದು ಥರ. ನೋಡಿದ ಕೂಡಲೇ ಇವಳು ಹಾರ್ಡಾಂಗರ್, ಇವಳು ವೋಸ್ ಅಂತ ಗುರುತಿಸುತ್ತಾರೆ. ಅವ್ವ ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು, ಮೇಲೆ ನನ್ನ ಹೆಂಡತಿಯ ರೇನ್‌ಕೋಟ್ ಹಾಕಿಕೊಂಡು ನಿಂತಿದ್ದಳು. ಗೆಳೆಯನ ಹೆಂಡತಿ ಸೆರಗು ಮುಟ್ಟಿ ನೋಡಿ ಕೇಳಿದಳು, “ಇದು ಯಾವ ಊರಿನ ಬೂನಾಡ್?”

ನಾನು ಅನುವಾದ ಮಾಡಿದೆ. ಅವ್ವನ ಮುಖ ಅರಳಿತು. “ಇಳಕಲ್ದು ಅನ್ನು. ನನ್ನ ತವರುಮನಿಯವರು ಕೊಟ್ಟದ್ದು ಅಂತ ಹೇಳು” ಅಂದಳು. ಭಾರತದವರು ಅಂದರೆ ಸಾಕಲ್ಲ ಅಂತ ಅಂದುಕೊಂಡಿದ್ದ ನನಗೆ ಆ ಪ್ರಶ್ನೆ ಹೊಸದಾಗಿತ್ತು. ಅವ್ವನಿಗೆ ಅದು ಸಹಜವಾದ ಪ್ರಶ್ನೆ.

ಮಗಳಂತೂ ಆಯಿಗೆ ಅಂಟಿಕೊಂಡುಬಿಟ್ಟಳು. ಹದಿನೈದು ದಿನದಲ್ಲಿ “ಆಯಿ, ಮಳಿ ಬಂತು”, “ನಾ ಬರ್ತೀನಿ ತಡಿ” ಶುರುವಾಯ್ತು. ಹೆಂಡತಿ ಖುಷಿಯಿಂದ ವಿಡಿಯೋ ಮಾಡಿ ಮೈಸೂರಿಗೆ ಕಳಿಸುತ್ತಿದ್ದಳು. ನನಗೆ ಮಾತ್ರ ಒಳಗೊಳಗೇ ಏನೋ ಕಸಿವಿಸಿ.

ಜೂನ್‌ನಲ್ಲಿ ಒಂದು ಶನಿವಾರ ವೋಸ್‌ನ ಗೆಳೆಯ ಹೆಂಡತಿ ಸಮೇತ ಊಟಕ್ಕೆ ಬಂದ. ಅವ್ವ ಬಾಗಿಲಲ್ಲೇ “ಬರ್ರಿ, ಕುಂದರ್ರಿ” ಅಂದಳು. ಅವನು ಪ್ರತಿ ಅಕ್ಷರ ಸವಿಯುತ್ತ “ಕುಂದರ್ರಿ” ಅಂತ ತಿರುಗಿ ಹೇಳಿದ. ಅವನ ಕೈಯಲ್ಲಿ ಬ್ರೂನುಸ್ಟ್, ಜೊತೆಗೆ ಅವನ ತಾಯಿ ಮಾಡಿದ ‘ಫ್ಲಾಟ್‌ಬ್ರೋ’. ಹಿಟ್ಟು ಕಲಸಿ, ಕಾಗದದಷ್ಟು ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಸುಟ್ಟು ಒಣಗಿಸಿದ್ದು. ಹಿಂದಿನ ಕಾಲದಲ್ಲಿ ಇದನ್ನು ಅಟ್ಟಿ ಅಟ್ಟಿ ಪೇರಿಸಿ ತಿಂಗಳುಗಟ್ಟಲೆ ಇಡುತ್ತಿದ್ದರಂತೆ. ಅವ್ವ ಒಂದು ತುಂಡು ಮುರಿದಳು. ಲಟ್ ಅಂತ ಸದ್ದಾಯ್ತು.

“ಇದು ನಮ್ಮ ಖಡಕ್ ರೊಟ್ಟಿ ಐತಲ್ಲೋ ತಮ್ಮಾ!”

ಅವನಿಗೆ ನಮ್ಮ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಅವ್ವನಿಗೆ ಅವನ ರೊಟ್ಟಿ, ಶೇಂಗಾ ಚಟ್ನಿ. ಎಲ್ಲ ಚೆನ್ನಾಗೇ ನಡೆದಿತ್ತು. ಗೆಳೆಯನ ಹೆಂಡತಿ ಮಗಳಿಗೆ ಒಂದು ಎಸಳು ಬ್ರೂನುಸ್ಟ್ ಕೊಡಲು ಹೋದಳು. ಮಗಳು ಮುಖ ತಿರುಗಿಸಿ, ಥೇಟ್ ಅವ್ವನ ಧಾಟಿಯಲ್ಲಿ ಅಂದಳು, “ಒಲ್ಲೆ!”

ಅವ್ವ ಜೋರಾಗಿ ನಕ್ಕಳು. ನಾನು ಥಟ್ಟನೆ, “ಒಲ್ಲೆ ಅಲ್ಲ ಪುಟ್ಟೀ, ಹಾಗನ್ನಬಾರದು. ‘ಬೇಡ’ ಅನ್ನು” ಅಂದೆ.

ಅವ್ವನ ನಗು ಅಲ್ಲಿಗೇ ನಿಂತಿತು. “ಅಕೀಗೇನ್ ಅನ್ನಬ್ಯಾಡ. ನಾ ಕಲಿಸೀನಿ” ಅಂದಳು.

ಮರುದಿನದಿಂದ ಅವ್ವ ಮೊಮ್ಮಗಳ ಜೊತೆ ತಡವರಿಸಿ ಮಾತಾಡತೊಡಗಿದಳು. ಒಂದು ಸಂಜೆ ಚಿತ್ರದ ಪುಸ್ತಕ ತೋರಿಸುತ್ತಾ ಕೂತವಳು ನನ್ನ ಕಡೆ ತಿರುಗಿ ಕೇಳಿದಳು, “ಇದಕ್ಕ ಏನಂತೀರಿ ತಮ್ಮಾ, ನಿಮ್ಮ ಕನ್ನಡದಾಗ?”

ನಿಮ್ಮ ಕನ್ನಡ. ನನಗೆ ಉತ್ತರ ಹೊರಡಲಿಲ್ಲ.

ಉಲ್ರಿಕೆನ್ ಬೆಟ್ಟದ ಮೇಲೆ

ಬರ್ಗೆನ್ ಸುತ್ತ ಏಳು ಬೆಟ್ಟಗಳಿವೆ ಅಂತ ಇಲ್ಲಿಯವರ ಲೆಕ್ಕ. ಎಲ್ಲಕ್ಕಿಂತ ಎತ್ತರದ್ದು ಉಲ್ರಿಕೆನ್, 643 ಮೀಟರ್. ಮೇಲೆ ಹೋಗೋಕೆ ನೇಪಾಳದ ಶೇರ್ಪಾಗಳು ಕಲ್ಲಿನಿಂದ ಕಟ್ಟಿದ 1,333 ಮೆಟ್ಟಿಲುಗಳಿವೆ. ಮುಂದಿನ ಭಾನುವಾರ ಗೆಳೆಯ ಅಲ್ಲಿಗೆ ಕರೆದ. ಮಳೆ ಬರ್ತಿದೆ ಅಂದೆ. “ಅದಕ್ಕೇನು?” ಅಂದ. ಇವರ ಪ್ರಕಾರ ಕೆಟ್ಟ ಹವಾಮಾನ ಅಂತ ಒಂದಿಲ್ಲ, ಇರೋದು ಕೆಟ್ಟ ಬಟ್ಟೆ ಮಾತ್ರ.

ಬಸ್ಸಿನಲ್ಲಿ ಮುಖ ನೋಡದ ಜನ ಬೆಟ್ಟದಲ್ಲಿ ಎದುರಾದವರಿಗೆಲ್ಲ “ಹೈ” ಅಂತಾರೆ. ತುದಿಯಲ್ಲಿ ಬಂಡೆಯ ಮರೆಗೆ ಕೂತು ಥರ್ಮಾಸಿನ ಕಾಫಿ ಕುಡಿಯುವಾಗ ಅವನು ಕೇಳಿದ, “ಅವತ್ತು ಮಗು ಏನಂತು? ನಿನ್ನ ತಾಯಿ ಯಾಕೆ ಸುಮ್ಮನಾದರು?”

ಎಲ್ಲ ಹೇಳಿದೆ. ‘ಒಲ್ಲೆ’ ಅಂದರೆ ನನಗೆ ಬೇಡ ಅಂತ. ನಮ್ಮ ಕಡೆಯ ಮಾತು. ಬೆಂಗಳೂರಲ್ಲಿ ನಗ್ತಾರೆ. ಮಗಳು ನಾಳೆ ಊರಿಗೆ ಹೋದಾಗ ಅವಳನ್ನು ನೋಡಿ ನಗಬಾರದು ಅಂತ ತಿದ್ದಿದೆ.

ಅವನು ತುಸು ಹೊತ್ತು ಸುಮ್ಮನಿದ್ದ. ಆಮೇಲೆ ‘ಕ್ನೂಟೆ’ ಎನ್ನುವ ಪದ ಹೇಳಿಕೊಟ್ಟ. ಹುಟ್ಟಿದೂರಿನ ಮಾತು ಬಿಟ್ಟು, ದೊಡ್ಡ ಊರಿನವರ ಹಾಗೆ ಮಾತಾಡಲು ಹೋಗಿ ಎಡವೋದಕ್ಕೆ ಕ್ನೂಟೆ ಅಂತಾರೆ. “ನಮ್ಮಲ್ಲಿ ಜನ ನಗೋದು ಅದಕ್ಕೆ” ಅಂದ. “ನಮ್ಮೂರಿನಿಂದ ಓಸ್ಲೋಗೆ ಹೋದವರು ರಜೆಗೆ ಬಂದಾಗ ಮೊದಲು ಎಲ್ಲರೂ ಕಿವಿಗೊಟ್ಟು ಕೇಳೋದು ಇದನ್ನೇ, ಇವನು ಇನ್ನೂ ನಮ್ಮವನಾ ಅಂತ.”

1878ರಲ್ಲೇ ಇಲ್ಲಿನ ಸಂಸತ್ತು, ಶಾಲೆಯಲ್ಲಿ ಸಾಧ್ಯವಾದಷ್ಟೂ ಮಕ್ಕಳ ಆಡುಮಾತಿನಲ್ಲೇ ಪಾಠ ನಡೆಯಬೇಕು ಅಂತ ನಿರ್ಧರಿಸಿತ್ತು ಎಂದು ಅವನು ಹೇಳಿದಾಗ ನಾನು ಹೊಗಳೋಕೆ ಶುರು ಮಾಡಿದೆ. ಅವನು ಕೈ ಅಡ್ಡ ಹಿಡಿದ.

“ನಮ್ಮನ್ನು ಜಾಸ್ತಿ ಹೊಗಳಬೇಡ. ಅದಾಗಿ ಎರಡೇ ವರ್ಷಕ್ಕೆ, 1880ರಲ್ಲಿ, ಉತ್ತರದ ಶಾಲೆಗಳಿಗೆ ಆದೇಶ ಹೋಯ್ತು, ಸಾಮಿ ಮಕ್ಕಳು ನಾರ್ವೇಜಿಯನ್ ಕಲಿಯಲೇಬೇಕು ಅಂತ. ನನ್ನ ಹೆಂಡತಿಯ ಅಜ್ಜಿ ಫಿನ್‌ಮಾರ್ಕ್‌ನವರು. ಹಾಸ್ಟೆಲ್ ಶಾಲೆಗೆ ಹೋದ ಮೇಲೆ ಸಾಮಿ ಮಾತಾಡೋಕೆ ಹೆದರುತ್ತಿದ್ದರು. ತಮ್ಮ ಮಕ್ಕಳಿಗೆ ಕಲಿಸಲೇ ಇಲ್ಲ, ಅವರನ್ನು ನೋಡಿ ಯಾರೂ ನಗದಿರಲಿ ಅಂತ. ನನ್ನ ಹೆಂಡತಿಗೆ ಇವತ್ತು ಹತ್ತು ಪದ ಬರುತ್ತೆ ಅಷ್ಟೇ. 2024ರ ನವೆಂಬರ್‌ನಲ್ಲಿ ಸಂಸತ್ತು ಕ್ಷಮೆ ಕೇಳಿತು. ಅಜ್ಜಿ ಆಗ ಇರಲಿಲ್ಲ.”

ಅವನು ನನಗೆ ಬುದ್ಧಿ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅಜ್ಜಿ ಹೇಳಿದ ಕಾರಣವೂ ನಾನು ಹೇಳಿದ ಕಾರಣವೂ ಒಂದೇ ಆಗಿತ್ತು. ಅಲ್ಲಿ ಸರ್ಕಾರ, ಶಾಲೆ, ಹಾಸ್ಟೆಲ್ ಸೇರಿ ಮಾಡಿದ ಕೆಲಸವನ್ನು ನನ್ನ ಮನೆಯಲ್ಲಿ ಯಾರ ಒತ್ತಾಯವೂ ಇಲ್ಲದೆ ನಾನೊಬ್ಬನೇ ಮಾಡುತ್ತಿದ್ದೆ.

“ಅಂದ ಹಾಗೆ, ಯಾವುದು ಸರಿಯಾದ ಕನ್ನಡ ಅಂತ ನಿಮ್ಮಲ್ಲಿ ಯಾರು ಹೇಳಿದ್ದು?” ಅಂತ ಅವನು ಕೇಳಿದ.

ಇಳಿಯುವಾಗ ಅದೇ ಪ್ರಶ್ನೆ ತಲೆಯಲ್ಲಿ. ಹೈಸ್ಕೂಲಿನ ಕನ್ನಡ ಪಾಠ ನೆನಪಾಯ್ತು. ಒಂಬತ್ತನೇ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಇರುವ ಸೀಮೆ ಯಾವುದು ಅಂತ ನಾಲ್ಕು ಊರು ಹೆಸರಿಸುತ್ತೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ. ಪುಲಿಗೆರೆ ಅಂದರೆ ಇವತ್ತಿನ ಲಕ್ಷ್ಮೇಶ್ವರ. ನಮ್ಮ ಗದಗ ಜಿಲ್ಲೆಯಲ್ಲೇ ಇದೆ. ಅವ್ವನ ತವರು!

ಇನ್ನು ‘ಒಲ್ಲೆ’. ಅದು ವಚನಗಳಲ್ಲಿ ಇರುವ ಪದ. ಎಂಟುನೂರಕ್ಕೂ ಹೆಚ್ಚು ವರ್ಷ ಬಾಳಿ ಬಂದ ಪದವನ್ನು ನಾನು ಒಂದು ತುಂಡು ಚೀಸಿನ ಮುಂದೆ ತಪ್ಪು ಅಂತ ತಿದ್ದಿದ್ದೆ. ‘ಬೇಡ’ ಅಂದರೆ ಆ ವಸ್ತು ಬೇಡ ಅಂತ. ‘ಒಲ್ಲೆ’ಯಲ್ಲಿ ಒಲ್ಲದವಳು ಇದ್ದಾಳೆ. ಎರಡೂ ಒಂದೇ ಅಲ್ಲವೇ ಅಲ್ಲ.

ಒದ್ದೆ ಬೂಟು ಬಿಚ್ಚಿ ಮನೆಯೊಳಗೆ ಕಾಲಿಟ್ಟೆ. ಅವ್ವ ಅಡುಗೆಮನೆಯಲ್ಲಿದ್ದಳು. ಕ್ಷಮೆ ಕೇಳಬೇಕು ಅಂತ ದಾರಿಯುದ್ದಕ್ಕೂ ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ. “ಅವ್ವಾ, ಹೊಟ್ಟಿ ಹಸದೈತಿ. ರೊಟ್ಟಿ ಅದಾವೇನು?”

ಅವ್ವ ತಿರುಗಿ ನೋಡಿದಳು. ನನ್ನ ಬಾಯಲ್ಲಿ ಆ ಮಾತು ಕೇಳಿ ಏಳೆಂಟು ವರ್ಷವಾದರೂ ಆಗಿತ್ತು.

“ಅದಾವ. ಕೈಕಾಲು ತೊಳಕೊಂಡು ಬಾ” ಅಂದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ಇನ್ನೊಮ್ಮೆ ತಿರುವಿದಳು. ಊಟದ ಹೊತ್ತಿಗೆ ಮಗಳ ಜೊತೆ ಎಂದಿನ ಹಾಗೆ ಮಾತು ಶುರುವಾಗಿತ್ತು.

ಮಗಳಿಗೆ ಎರಡೂ ಇರಲಿ ಅಂತ ಮನೆಯಲ್ಲಿ ತೀರ್ಮಾನವಾಯ್ತು. ತೀರ್ಮಾನ ಅಂದರೆ, ಹೆಂಡತಿ ಮೊದಲಿನಿಂದ ಹೇಳುತ್ತಿದ್ದದ್ದನ್ನು ನಾನು ಒಪ್ಪಿಕೊಂಡೆ. “ಬಾರ್ನೆಹಾಗೆಯಲ್ಲಿ ಒಬ್ಬ ಟೀಚರ್ ಬರ್ಗೆನ್, ಒಬ್ಬರು ಟ್ರೋಮ್ಸೋ, ಇನ್ನೊಬ್ಬರು ಸ್ಟಾವಾಂಗರ್. ಅವಳು ಎಲ್ಲರ ಮಾತೂ ಅರ್ಥ ಮಾಡ್ಕೊಳ್ತಾಳೆ. ಮೈಸೂರು, ಗದಗ ಎರಡು ಆಗಲ್ವಾ ಅವಳಿಗೆ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಜುಲೈ ಕೊನೆಗೆ ಅವ್ವ ಊರಿಗೆ ಹೋದಳು. ಬ್ಯಾಗಿನಲ್ಲಿ ಎರಡು ಕಿಲೋ ಬ್ರೂನುಸ್ಟ್. ಓಣಿಯವರಿಗೆಲ್ಲ “ನಾರ್ವೇ ಪೇಡೆ” ಅಂತ ಹಂಚಿದಳಂತೆ. ಯಾರೂ ಎರಡನೇ ತುಂಡು ಕೇಳಲಿಲ್ಲವಂತೆ!

ನಾನಂತೂ ಪೂರ್ತಿ ಮೊದಲಿನ ಹಾಗೆ ಆಗಿಲ್ಲ. ಹತ್ತು ವರ್ಷದಲ್ಲಿ ಉದುರಿದ್ದು ಒಂದು ಬೇಸಿಗೆಯಲ್ಲಿ ಬರಲ್ಲ. ಒಮ್ಮೊಮ್ಮೆ ‘ಹ್ಯಾಂಗ’ ಅನ್ನಲು ಹೋಗಿ ‘ಹೆಂಗೆ’ ಅಂತೀನಿ. ಫೋನಿನಲ್ಲಿ ಅವ್ವ ನಗ್ತಾಳೆ. ಗೆಳೆಯನಿಗೆ ಹೇಳಿದರೆ, “ಅದೇ ನೋಡು ಕ್ನೂಟೆ” ಅಂತಾನೆ.

ಹೋದ ತಿಂಗಳು ಮಗಳನ್ನು ಕರೆತರಲು ಹೋದಾಗ ಟ್ರೋಮ್ಸೋದ ಟೀಚರ್ ತಡೆದು ಕೇಳಿದಳು. ಊಟದ ಹೊತ್ತಿಗೆ ಮೀನು ಬಂದ ಕೂಡಲೇ ಇವಳು ‘ಒಲ್ಲೆ, ಒಲ್ಲೆ’ ಅಂತಾಳೆ, ಯಾವುದೋ ಹುಡುಗನನ್ನು ಕರೀತಿದಾಳೆ ಅಂದುಕೊಂಡಿದ್ವಿ, ಏನದು? ಅರ್ಥ ಹೇಳಿದೆ. ಟೀಚರ್ ಒಂದು ಚೀಟಿಯಲ್ಲಿ ಬರೆದುಕೊಂಡು, ಮಕ್ಕಳ ಮನೆಮಾತಿನ ಪದಗಳನ್ನು ಅಂಟಿಸುವ ಗೋಡೆಯ ಹತ್ತಿರ ಹೋದಳು. ಅಲ್ಲಿ ಪೋಲಿಷ್, ಅರೇಬಿಕ್, ಉಕ್ರೇನಿಯನ್ ಪದಗಳಿದ್ದವು. ಅಂಟಿಸುವ ಮುಂಚೆ ತಿರುಗಿ ಕೇಳಿದಳು, “ಪಕ್ಕದಲ್ಲಿ ಕನ್ನಡ ಅಂತ ಬರೆದರೆ ಸಾಕಾ?”

“ಕನ್ನಡ, ಗದಗ ಅಂತ ಬರೀರಿ” ಅಂದೆ.

ಅವಳಿಗೆ ಅದು ವಿಚಿತ್ರ ಅನ್ನಿಸಲಿಲ್ಲ. ಬರೆದುಕೊಂಡಳು.